ನೋವಿಲ್ಲದ ಮನೆಗೂ ಹೋಗಿ ಬಾ

ಸಾಗರ
ಭಾನುವಾರ ಸಂಜೆ

ಚಿ. ಸಹನಾಳಿಗೆ,

ನಿನ್ನ ಲಕೋಟೆ ಬುಧವಾರವೇ ಕೈಸೇರಿತು. ಮೊಬೈಲಿನಲ್ಲಿ ಕಳಿಸಿದರೆ ಸಾಕಾಗಿತ್ತು. ನೀನು ನನ್ನ ಕಣ್ಣಿನ ತೊಂದರೆ ನೆನಪಿಟ್ಟು, ದೊಡ್ಡ ಅಕ್ಷರದಲ್ಲಿ ಮುದ್ರಿಸಿ, ಬದಿಯಲ್ಲಿ ಬರೆಯಲು ಜಾಗ ಬಿಟ್ಟು ಕಳಿಸಿದೆಯಲ್ಲ, ಅದನ್ನು ನಿನ್ನ ದೊಡ್ಡಮ್ಮ ಬಂದವರಿಗೆಲ್ಲ ಹೇಳುತ್ತಿದ್ದಾಳೆ. ಉತ್ತರ ತಡವಾಯಿತೆಂದು ಬೇಸರಪಡಬೇಡ. ಮಳೆ ಸ್ವಲ್ಪ ಬಿಡುವು ಕೊಟ್ಟಿತೆಂದು ತೋಟಕ್ಕೆ ಕೊಳೆ ಔಷಧಿ ಹೊಡೆಯುವವರು ಬಂದಿದ್ದರು. ಎರಡು ದಿನ ಅದರಲ್ಲೇ ಹೋಯಿತು. ಉಳಿದ ಎರಡು ದಿನ ನಿನ್ನ ಲೇಖನವನ್ನೇ ಹಿಡಿದು ಜಗಲಿಯಲ್ಲಿ ಕೂತಿದ್ದೆ.

ಚೆನ್ನಾಗಿ ಬರೆದಿದ್ದೀಯೆ. ನಿನ್ನ ಗೆಳತಿಯ ಊರು, ಆ ನಾಗಮಂಗಲದ ಕಡೆಯ ಕೆಂಪು ಮಣ್ಣಿನ ಹೊಲ, ಸಂಜೆ ನ್ಯಾಯಬೆಲೆ ಅಂಗಡಿಯ ಮುಂದೆ ಚೀಲ ಮಡಚಿಕೊಂಡು ನಿಂತ ಹೆಂಗಸರು, ಎಲ್ಲ ಕಣ್ಣಿಗೆ ಕಟ್ಟುತ್ತದೆ. ನಿನ್ನ ವಾಕ್ಯಗಳಲ್ಲಿ ಬಡವರ ಬಗ್ಗೆ ಕಾಳಜಿ ಇದೆ, ಅದು ತೋರಿಕೆಯದಲ್ಲ ಅನ್ನುವುದು ನನಗೆ ಗೊತ್ತು. ಆದರೆ ಸರ್ಕಾರ ಅಕ್ಕಿಯನ್ನು ಅಗ್ಗಕ್ಕೆ ಕೊಟ್ಟಿತು, ಆದ್ದರಿಂದ ಜನ ಮುದ್ದೆ ಬಿಟ್ಟರು, ಆದ್ದರಿಂದ ಸಕ್ಕರೆ ಕಾಯಿಲೆ ಬಂತು, ಆದ್ದರಿಂದ ಊರಿನಲ್ಲಿ ದುಡಿಯುವ ಕಸುವು ಹೋಯಿತು ಎಂದು ನೀನು ಹೆಜ್ಜೆ ಹಾಕುತ್ತ ಹೋದ ಹಾಗೆಲ್ಲ ನನ್ನ ಎದೆ ಸ್ವಲ್ಪ ಅಳುಕಿತು. ನಾಲ್ಕು ಪುಟದಲ್ಲಿ 11 ಸಲ ‘ಆದ್ದರಿಂದ’ ಇದೆ, 4 ಸಲ ‘ಹೀಗಾಗಿ’. ಪ್ರತಿಯೊಂದರ ಸುತ್ತಲೂ ಪೆನ್ಸಿಲಿನಲ್ಲಿ ಗುಂಡು ಹಾಕಿದ್ದೇನೆ. ಬೇಡವಾದರೆ ರಬ್ಬರಿನಲ್ಲಿ ಅಳಿಸಿಕೊಳ್ಳಬಹುದು.

ನಾನು ಹೇಳಬೇಕಾದದ್ದು ಆ ಗುಂಡುಗಳ ವಿಷಯವೇ. ಆದರೆ ಅದಕ್ಕೆ ಮೊದಲು ಒಂದು ಹಳೆಯ ಸಂಗತಿ ಹೇಳದೆ ವಿಧಿಯಿಲ್ಲ. ನಿನ್ನ ಅಪ್ಪನಿಗೆ ಗೊತ್ತು. ನಿನಗೆ ಹೇಳಿರಲಾರ.

ನಮ್ಮ ತಾಲ್ಲೂಕಿನ ಹಂದಿಗೋಡಿನ ಹೆಸರು ನೀನು ಕೇಳಿದ್ದೀಯೆ. 1974-75ರ ಹೊತ್ತಿಗೆ ಆ ಊರಿನಲ್ಲೂ ಸುತ್ತಿನ ದಲಿತ ಕೇರಿಗಳಲ್ಲೂ, ಚಲವಾದಿ ಮತ್ತು ಚನ್ನಂಗಿ ಜನರಲ್ಲಿ, ಒಂದು ಕೀಲುಬೇನೆ ಇರುವುದು ಹೊರಗಿನವರ ಕಣ್ಣಿಗೆ ಬಿತ್ತು. ಮೊದಲು ಸೊಂಟ, ಮಂಡಿ ಹಿಡಿದುಕೊಳ್ಳುವುದು. ಆಮೇಲೆ ಕೋಲು. ಆಮೇಲೆ ಕೆಲವರಿಗೆ ಕೋಲೂ ಸಾಲದೆ ಕೈಯೂರಿ ತೆವಳಿಕೊಂಡು ಅಂಗಳ ದಾಟುವ ಸ್ಥಿತಿ. ನಡುವಯಸ್ಸಿನವರಲ್ಲ ಕೂಸೇ, ಹುಡುಗರು, ಮದುವೆಯ ವಯಸ್ಸಿನವರು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ವಿಜ್ಞಾನಿಗಳು ಬಂದರು, ಪತ್ರಿಕೆಯವರು ಬಂದರು.

ನಾನಾಗ 27ರ ತರುಣ. ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು, ವಾರಪತ್ರಿಕೆಯೊಂದಕ್ಕೆ ಆಗೀಗ ಬರೆಯುತ್ತಿದ್ದವನು. ಆ ಕಾಲಕ್ಕೆ ಗದ್ದೆಗಳಿಗೆ ಹೊಸ ತಳಿಯ ಭತ್ತ ಬಂದಿತ್ತು, ಅದರ ಹಿಂದೆಯೇ ಎಂಡ್ರಿನ್‌ನಂಥ ಕೀಟನಾಶಕ ವಿಷ. ಔಷಧಿ ಗದ್ದೆಯ ನೀರಿಗೆ ಇಳಿಯುತ್ತದೆ, ನೀರಿನಿಂದ ಏಡಿಗೆ, ಏಡಿಯಿಂದ ಅದನ್ನು ತಿನ್ನುವ ಕೂಲಿಯವರ ಮೈಗೆ ಎಂಬ ಊಹೆ ಎಲ್ಲರ ಬಾಯಲ್ಲೂ ಇತ್ತು. ಅದನ್ನು ಮೊದಲು ಆಡಿದವನು ನಾನಲ್ಲ, ತಿಳಿದವರೇ ಅನುಮಾನಪಟ್ಟಿದ್ದರು. ಅವರು ಅನುಮಾನ ಎಂದದ್ದನ್ನು ನಾನು ‘ಆದ್ದರಿಂದ’ ಎಂದು ಬರೆದೆ.

ಸೈಕಲ್ ತುಳಿದುಕೊಂಡು ಎರಡು ಸಂಜೆ ಒಂದು ಕೇರಿಗೆ ಹೋಗಿಬಂದಿದ್ದೆ, ಹೋಗಲಿಲ್ಲವೆಂದಲ್ಲ. ಬೇನೆಯಿದ್ದ ಏಳು ಮನೆ ಹೊಕ್ಕು, ‘ಏಡಿ ತಿನ್ನುತ್ತೀರಾ?’ ಎಂದು ಕೇಳಿದೆ. ಏಳು ಮನೆಯಲ್ಲೂ ಹೌದೆಂದರು. ಏಳಕ್ಕೆ ಏಳು! ಆ ರಾತ್ರಿ ಲಾಟೀನಿನ ಮುಂದೆ ಕೂತು ಬರೆಯುವಾಗ ಕೈ ನಿಲ್ಲಲಿಲ್ಲ. ಆ ಏಳು ಮನೆಗಳ ನಡುನಡುವೆ ಬೇನೆಯಿಲ್ಲದ ಮನೆಗಳೂ ಇದ್ದವು. ಒಂದು ಮನೆಯ ಮುದುಕಿ ಜಗಲಿಯಲ್ಲಿ ಕೂತು ಚಾಪೆ ನೇಯುತ್ತಿದ್ದಳು, ನಾನು ಅವಳ ಮುಂದೆಯೇ ಹಾದುಹೋದೆ. ಅವಳನ್ನು ಕೇಳಿದ್ದರೆ ಅವಳೂ ಹೌದೆನ್ನುತ್ತಿದ್ದಳು. ಮಳೆಗಾಲದಲ್ಲಿ ಆ ಕೇರಿಯಲ್ಲಿ ಏಡಿ ತಿನ್ನದ ಮನೆ ಯಾವುದಿತ್ತು?

ಲೇಖನ ಅಚ್ಚಾಯಿತು. ನಾಲ್ಕು ಜನ ಹೊಗಳಿದರು. ಒಂದೂವರೆ ವರ್ಷದ ಮೇಲೆ, ಸಂತೆಯ ದಿನ, ಆ ಏಳು ಮನೆಗಳಲ್ಲೊಂದರ ಯಜಮಾನ ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೋಲು ಒರಗಿಸಿಕೊಂಡು ಕೂತಿದ್ದ. ನನ್ನನ್ನು ಗುರುತಿಸಿ ಕೈಮುಗಿದ. ನಾನೂ ಹತ್ತಿರ ಹೋಗಿ ಕೂತೆ. ‘ಮೇಷ್ಟ್ರೇ, ನೀವು ಬರ್ದಿದ್ದನ್ನ ಹುಡುಗ ಓದಿ ಹೇಳ್ದ. ಏಡಿ ಬಿಟ್ವಿ. ನೋವು ಬಿಡ್ಲಿಲ್ಲ’ ಅಂದ. ಸಿಟ್ಟಿನಿಂದ ಅಂದದ್ದಲ್ಲ. ಮಳೆ ಬಂತು, ಹೋಯಿತು ಎನ್ನುವ ಹಾಗೆ ಅಂದ. ಆಮೇಲೆ, ತನ್ನ ಅಪ್ಪನ ಅಕ್ಕನೂ ಹೀಗೇ ಕುಂಟುತ್ತಿದ್ದಳು, ಆಗ ಗದ್ದೆಗೆ ಸಗಣಿಗೊಬ್ಬರ ಬಿಟ್ಟು ಬೇರೆ ಏನೂ ಬಿದ್ದಿರಲಿಲ್ಲ ಎಂದ. ನಾನು ಎರಡು ಸಂಜೆ ಅವನ ಮನೆಯಲ್ಲಿ ಕೂತಿದ್ದೆ. ನಿಮ್ಮ ಹಿರಿಯರಿಗೆ ಈ ನೋವು ಇತ್ತೇ ಎಂದು ಕೇಳಿರಲಿಲ್ಲ. ಹೊರಗಿನವರಾದ ನಾವು ಕಂಡ ವರ್ಷವನ್ನೇ ಬೇನೆ ಹುಟ್ಟಿದ ವರ್ಷ ಎಂದುಕೊಂಡುಬಿಟ್ಟಿದ್ದೆ.

ಮುಂದೆ ವೈದ್ಯರು ಮನೆಮನೆಯ ವಂಶವೃಕ್ಷ ಬರೆದು, ಎಕ್ಸ್‌ರೇ ತೆಗೆದು, ಇದು ಎಲುಬಿನ ಬೆಳವಣಿಗೆಯಲ್ಲೇ ಇರುವ ದೋಷ, ವಂಶದಲ್ಲಿ ಇಳಿದು ಬರುವಂಥದು ಎಂದು ಕಂಡುಕೊಂಡರು. ತಂದೆಗೋ ತಾಯಿಗೋ ಇದ್ದರೆ ಪ್ರತಿ ಮಗುವಿಗೂ ಬರುವ ಸಂಭವ ಅರ್ಧಕ್ಕರ್ಧ. 1990ರ ದಶಕದಲ್ಲಿ ಆ ವರದಿಗಳನ್ನು ಓದಿದಾಗ ನನಗೆ ಮೊದಲು ನೆನಪಾದದ್ದು ಚಾಪೆ ನೇಯುತ್ತಿದ್ದ ಮುದುಕಿ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ, ಇದನ್ನು ನಿನ್ನ ದೊಡ್ಡಮ್ಮನಿಗೆ ಬಿಟ್ಟು ಯಾರಿಗೂ ಹೇಳಿರಲಿಲ್ಲ. ಏಡಿ ನಮ್ಮ ಅಡುಗೆಮನೆಯ ಹೊಸ್ತಿಲು ದಾಟಿದ ಪದಾರ್ಥವಲ್ಲ. ಅದರ ರುಚಿ ನನಗೆ ಗೊತ್ತಿರಲಿಲ್ಲ, ಅದಿಲ್ಲದಿದ್ದರೆ ಏನು ಕಳೆಯುತ್ತದೆ ಎಂಬುದೂ ಗೊತ್ತಿರಲಿಲ್ಲ. ಅದೇ ಔಷಧಿ ಬಿದ್ದ ಗದ್ದೆಯ ಅಕ್ಕಿಯನ್ನು ನಾನೂ ಉಣ್ಣುತ್ತಿದ್ದೆ. ಅಕ್ಕಿಯ ಮೇಲೆ ನನಗೆ ಅನುಮಾನ ಬರಲಿಲ್ಲ, ಏಡಿಯ ಮೇಲೆ ತಟ್ಟನೆ ಬಂತು. ಅನ್ಯರ ತಟ್ಟೆಯಲ್ಲಿ ತಪ್ಪು ಕಾಣುವುದು ಎಷ್ಟು ಸಲೀಸು ನೋಡು. ಮಳೆ ಹಿಡಿದು ಕೂಲಿಯಿಲ್ಲದ ದಿನಗಳಲ್ಲಿ ಆ ಮಕ್ಕಳು ಗದ್ದೆಯ ಅಂಚಿನ ಬಿಲಕ್ಕೆ ಕೈಹಾಕಿ ಹಿಡಿದು ತರುತ್ತಿದ್ದ ಏಡಿ ದುಡ್ಡಿಲ್ಲದೆ ಸಿಗುತ್ತಿದ್ದ ಒಂದೇ ಒಂದು ಪುಷ್ಟಿಯ ಊಟ. ಒರಳಲ್ಲಿ ಜಜ್ಜಿ ಸಾರು ಮಾಡಿದರೆ ಅಷ್ಟೂ ಮಂದಿಗೆ ಆಗುತ್ತಿತ್ತು. ನನ್ನ ಒಂದು ‘ಆದ್ದರಿಂದ’ ಕೆಲವು ಮನೆಗಳಲ್ಲಾದರೂ ಎರಡು ಮಳೆಗಾಲ ಆ ಸಾರನ್ನು ಕಸಿದುಕೊಂಡಿತು.

ಇದರಲ್ಲಿ ನನ್ನನ್ನು ನಾಚಿಸಿದ ಇನ್ನೊಂದು ವಿಷಯವಿದೆ. ನಿನ್ನ ಅಜ್ಜ, ಅಂದರೆ ನನ್ನ ಅಪ್ಪಯ್ಯ, ತರ್ಕಸಂಗ್ರಹವನ್ನು ಬಾಯಿಪಾಠ ಮಾಡಿಸಿದ್ದರು. ಹೊಗೆ ಇರುವಲ್ಲಿ ಬೆಂಕಿ ಇದೆ ಎಂದು ಸಾಧಿಸಬೇಕಾದರೆ ಎರಡು ದೃಷ್ಟಾಂತ ಕೊಡುತ್ತಾರೆ. ಒಂದು ಅಡುಗೆಮನೆ, ಅಲ್ಲಿ ಹೊಗೆಯೂ ಇದೆ, ಬೆಂಕಿಯೂ ಇದೆ. ಇನ್ನೊಂದು ಮಡು, ಅಲ್ಲಿ ಬೆಂಕಿಯಿಲ್ಲ, ಹೊಗೆಯೂ ಇಲ್ಲ. ಅನ್ವಯ, ವ್ಯತಿರೇಕ. ಅಪ್ಪಯ್ಯ ಬಚ್ಚಲ ಒಲೆಯ ಮುಂದೆ ಕೂರಿಸಿಕೊಂಡು ಕೇಳುತ್ತಿದ್ದರು: ‘ಅಡುಗೆಮನೆ ನೋಡಿದೆಯಾ? ಸರಿ. ಮಡು ನೋಡಿ ಬಂದೆಯಾ?’ ನಾನು ಏಳು ಅಡುಗೆಮನೆ ನೋಡಿದೆ. ಮಡುವಿನ ಕಡೆ ಹೋಗಲೇ ಇಲ್ಲ.

ಮಡುವಿನ ಕಡೆ ಹೋದವರ ಕತೆ ಆಮೇಲೆ ಓದಿಕೊಂಡೆ. ಜಾವಾ ದ್ವೀಪ ಡಚ್ಚರ ಕೈಯಲ್ಲಿದ್ದಾಗ ಅಲ್ಲಿ ಬೆರಿಬೆರಿ ಎಂಬ ರೋಗ ಸೈನಿಕರನ್ನೂ ಕೈದಿಗಳನ್ನೂ ಮುರಿದು ಹಾಕುತ್ತಿತ್ತು. ಕಾಲು ಜೋಮು ಹಿಡಿದು, ಕಡೆಗೆ ಹೃದಯ ಸೋಲುವುದು. ಐಕ್‌ಮನ್ ಎಂಬ ವೈದ್ಯ ರೋಗಾಣು ಹುಡುಕಲು ಕೋಳಿ ಸಾಕಿದ್ದ. ಒಮ್ಮೆ ಕೋಳಿಗಳೆಲ್ಲ ಕಾಲು ಸೋತು ಬಿದ್ದವು, ಕೆಲವು ತಿಂಗಳ ಮೇಲೆ ತಾವಾಗಿ ಎದ್ದವು. ವಿಚಾರಿಸಿದರೆ, ಮಧ್ಯೆ ಸ್ವಲ್ಪ ಕಾಲ ಅವುಗಳಿಗೆ ಸೈನಿಕ ಆಸ್ಪತ್ರೆಯ ಅಡುಗೆಮನೆಯಿಂದ ಬಿಳಿ ಅನ್ನ ಹಾಕಿದ್ದರು. ಹೊಸದಾಗಿ ಬಂದ ಅಡುಗೆಯವನು ಸೈನ್ಯದ ಅಕ್ಕಿಯನ್ನು ಕೋಳಿಗೆ ಕೊಡಲಾರೆನೆಂದು ನಿಲ್ಲಿಸಿದ್ದ. ಈ ಭಾಗವನ್ನು ಎಲ್ಲರೂ ಹೇಳುತ್ತಾರೆ, ಪಾಠದಲ್ಲಿ ನಾನೂ ಹೇಳುತ್ತಿದ್ದೆ. ನನಗೆ ಹೆಚ್ಚು ಪ್ರೀತಿ ಅದರ ಮುಂದಿನ ಭಾಗದ ಮೇಲೆ. ಕೋಳಿಗೆ ಆದದ್ದು ಮನುಷ್ಯರಿಗೂ ಆಗುತ್ತದೆಯೇ ಎಂದು ತಿಳಿಯಲು ವೋರ್ಡರ್‌ಮನ್ ಎಂಬ ಅಧಿಕಾರಿ 1890ರ ದಶಕದಲ್ಲಿ 101 ಜೈಲುಗಳ ಲೆಕ್ಕ ತೆಗೆದ. ತೌಡೆಲ್ಲ ಹೋದ ಬಿಳಿ ಅಕ್ಕಿ ಉಣ್ಣಿಸುವ 51 ಜೈಲುಗಳಲ್ಲಿ 36 ಕಡೆ ಬೆರಿಬೆರಿ ಇತ್ತು. ತೌಡಿನ ಪೊರೆ ಉಳಿದ ಅಕ್ಕಿಯ 37 ಜೈಲುಗಳಲ್ಲಿ ಒಂದೇ ಒಂದು ಕಡೆ. ಎರಡನ್ನೂ ಬೆರೆಸಿ ಕೊಡುತ್ತಿದ್ದ 13 ಜೈಲುಗಳಲ್ಲಿ 6 ಕಡೆ. ಅಷ್ಟಕ್ಕೇ ಬಿಡಲಿಲ್ಲ ಪುಣ್ಯಾತ್ಮ. ಕಟ್ಟಡ ಹಳೆಯದೇ, ನೆಲ ಎಂಥದು, ಗಾಳಿ ಆಡುತ್ತದೆಯೇ, ಜನ ಕಿಕ್ಕಿರಿದಿದ್ದಾರೆಯೇ ಎಂದು ಎಲ್ಲ ನೋಡಿ, ಅವಕ್ಕೂ ರೋಗಕ್ಕೂ ಸಂಬಂಧ ಕಾಣಲಿಲ್ಲವೆಂದು ಬರೆದ. ರೋಗವಿಲ್ಲದ ಜೈಲಿಗೆ ಹೋಗಿ ಅಕ್ಕಿ ಯಾವುದೆಂದು ಕೇಳುವ ತಾಳ್ಮೆ ಇತ್ತಲ್ಲ ಆತನಿಗೆ!

ಅಷ್ಟಾದರೂ ಐಕ್‌ಮನ್‌ಗೆ ಬಹುಕಾಲ ಅಕ್ಕಿಯೊಳಗೆ ಏನೋ ವಿಷವಿದೆ, ತೌಡು ಅದನ್ನು ಮುರಿಯುತ್ತದೆ ಎಂದೇ ಅನಿಸಿತ್ತು. ವಿಷವಿರುವುದಲ್ಲ, ಬೇಕಾದದ್ದು ಇಲ್ಲದಿರುವುದು ಎಂದು 1901ರಲ್ಲಿ ಹೇಳಿದವನು ಅವನ ಜಾಗಕ್ಕೆ ಬಂದ ಗ್ರೈನ್ಸ್. ನಾವು ಇಂದು ಬಿ-1 ಜೀವಸತ್ವ ಎನ್ನುವುದು ಅದನ್ನೇ. ಹೀಗೆ ಸರಿಯಾದ ಅಕ್ಕಿಯನ್ನೇ ಹಿಡಿದವನೂ ಕಾರಣದ ಹೆಸರು ತಪ್ಪಿದ್ದ. ಇದನ್ನು ನೆನೆದಾಗ ನನ್ನ ಏಡಿಯ ನೋವು ಸ್ವಲ್ಪ ಹಗುರಾಗುತ್ತದೆ, ಪೂರ್ತಿ ಅಲ್ಲ.

ನಿನ್ನದು ರೋಗದ ಲೇಖನ ಮಾತ್ರವಲ್ಲ, ಸಮಾಜದ ಲೇಖನವೂ ಹೌದು. ಅದಕ್ಕೆ 1943ರ ಬಂಗಾಳವನ್ನು ನೆನಪು ಮಾಡುತ್ತೇನೆ. ಬರ್ಮಾ ಜಪಾನೀಯರ ವಶವಾಗಿ ಅಲ್ಲಿಂದ ಅಕ್ಕಿ ನಿಂತಿತ್ತು, 1942ರ ಅಕ್ಟೋಬರಿನಲ್ಲಿ ಚಂಡಮಾರುತ ಹೊಡೆದಿತ್ತು. ಅಕ್ಕಿ ಕಡಿಮೆಯಾಯಿತು, ಆದ್ದರಿಂದ ಲಕ್ಷಗಟ್ಟಲೆ ಜನ ಸತ್ತರು ಎನ್ನುವುದು ಎಷ್ಟು ಸಹಜವಾಗಿ ಕಾಣುತ್ತದೆ. ಅಮರ್ತ್ಯ ಸೇನ್ ಆಗ ಶಾಂತಿನಿಕೇತನದಲ್ಲಿ ಹತ್ತು ವರ್ಷ ತುಂಬದ ಹುಡುಗ. ಹಸಿದು ಬಂದವರಿಗೆ ಒಂದು ಸಿಗರೇಟು ಡಬ್ಬಿ ತುಂಬ ಅಕ್ಕಿ ಕೊಡಲು ಅಜ್ಜ ಒಪ್ಪಿಗೆ ಕೊಟ್ಟಿದ್ದರಂತೆ. ತನ್ನ ಶಾಲೆಯ ಗೆಳೆಯರ ಮನೆಗಳಲ್ಲಿ, ನೆಂಟರಿಷ್ಟರ ಮನೆಗಳಲ್ಲಿ ಯಾರಿಗೂ ಏನೂ ಆಗಲಿಲ್ಲ ಎಂಬುದು ಆ ಹುಡುಗನ ಮನಸ್ಸಿನಲ್ಲಿ ಉಳಿಯಿತು. ಮುಂದೆ 1981ರ ಪುಸ್ತಕದಲ್ಲಿ ಅವರು ಲೆಕ್ಕ ಬಿಡಿಸಿದರು. 1943ರ ಧಾನ್ಯ ಹಿಂದಿನ ಐದು ವರ್ಷಗಳ ಸರಾಸರಿಗಿಂತ ಶೇಕಡಾ 5ರಷ್ಟು ಮಾತ್ರ ಕಡಿಮೆ, ಬರಗಾಲವೇ ಇಲ್ಲದ 1941ಕ್ಕಿಂತ ಶೇಕಡಾ 13ರಷ್ಟು ಹೆಚ್ಚು. ಸತ್ತವರು ಯಾರೆಂದು ಕೇಳಿದ ಹಾಗೆಯೇ ಉಳಿದವರು ಯಾರೆಂದೂ ಕೇಳಿದರು. ಹೊಲಗೂಲಿಗಳು, ಮೀನುಗಾರರು ಹೋದರು. ಬೆಳೆಯಲ್ಲೇ ಪಾಲು ಪಡೆಯುವ ಗೇಣಿದಾರ ಅಷ್ಟಾಗಿ ಹೋಗಲಿಲ್ಲ. ಕಲ್ಕತ್ತೆಯ ಕಾರ್ಖಾನೆಗಳವರಿಗೆ ಸೋವಿಯಲ್ಲಿ ಅಕ್ಕಿ ಸಿಗುತ್ತಿತ್ತು. ಬೆಲೆ ಏರಿದಾಗ ಕೂಲಿ ಏರದವರ ಕೈಯಿಂದ ಅನ್ನ ಜಾರಿತ್ತು.

ಈಗ ನಿನ್ನ ನಾಗಮಂಗಲಕ್ಕೆ ಬರುತ್ತೇನೆ. ನಿನ್ನ ಲೇಖನದ ಮೂರನೇ ಪುಟದ ಅಜ್ಜಿಯನ್ನೇ ನೋಡು. ತನಗೆ ಸಕ್ಕರೆ ಕಾಯಿಲೆ ಗೊತ್ತಾದದ್ದು ಮೊಮ್ಮಗ ಹುಟ್ಟಿದ ವರ್ಷ, 2009ರಲ್ಲಿ ಎಂದು ಅವಳೇ ನಿನಗೆ ಹೇಳಿದ್ದಾಳೆ, ನೀನು ಪ್ರಾಮಾಣಿಕವಾಗಿ ಬರೆದಿದ್ದೀಯೆ. ನೀನು ಹೇಳುವ ಅಗ್ಗದ ಅಕ್ಕಿಯ ಯೋಜನೆ, ಅನ್ನಭಾಗ್ಯ, ಶುರುವಾದದ್ದು 2013ರ ಜುಲೈ 10ರಂದು. ಮೊದಲು ಬಂದ ರೋಗಕ್ಕೆ ಆಮೇಲೆ ಬಂದ ಅಕ್ಕಿ ಹೇಗೆ ಕಾರಣವಾದೀತು? ಅದಕ್ಕೂ ಹಿಂದೆ ಪಡಿತರದಲ್ಲಿ ಅಕ್ಕಿ ಇತ್ತು, ಅದಕ್ಕೂ ಹಿಂದೆ ಕನ್ನಂಬಾಡಿ ಕಟ್ಟೆಯ ನೀರು ಮಂಡ್ಯ, ಮದ್ದೂರಿನ ಹೊಲಗಳನ್ನು ಗದ್ದೆ ಮಾಡಿತ್ತು. ಅಲ್ಲಿಗೂ ಹೋಗು. ವಿಶ್ವೇಶ್ವರಯ್ಯ ನಾಲೆಯ ಬದಿಯ ಹಳ್ಳಿಯಲ್ಲಿ ಮೂರು ತಲೆಮಾರಿನಿಂದ ಮನೆಯದೇ ಭತ್ತ. ಅವರ ಅಜ್ಜಂದಿರಿಗೆ ಸಕ್ಕರೆ ಕಾಯಿಲೆ ಇತ್ತೇ? ಇರಲಿಲ್ಲವೆಂದರೆ, ಅನ್ನದ ಜೊತೆ ಮತ್ತೇನು ಬದಲಾಯಿತು? ನಿನ್ನ ಗೆಳತಿಯ ಊರಲ್ಲೇ ಇಂದಿಗೂ ಎರಡು ಹೊತ್ತು ಮುದ್ದೆ ಉಣ್ಣುವ ಮನೆ ಇದ್ದೇ ಇರುತ್ತದೆ. ಅವರ ಮನೆಯಲ್ಲಿ ಯಾರಿಗೂ ಕಾಯಿಲೆ ಇಲ್ಲವೇ? ಪಡಿತರದ ಅಕ್ಕಿಯನ್ನೇ ಉಂಡು ಆರೋಗ್ಯವಾಗಿರುವ ಮನೆಯೂ ಇರುತ್ತದೆ. ಅವರು ದಿನಕ್ಕೆ ಎಷ್ಟು ನಡೆಯುತ್ತಾರೆ? ಊರಿಗೆ ಸಕ್ಕರೆ ಪರೀಕ್ಷೆಯ ಯಂತ್ರ ಬಂದದ್ದು ಯಾವಾಗ? ಹಂದಿಗೋಡಿನಲ್ಲಿ ನಾನು ಜಾರಿದ ಕಲ್ಲು ಅದೇ. ಕಂಡ ವರ್ಷ ಬೇರೆ, ಬಂದ ವರ್ಷ ಬೇರೆ.

ಮುದ್ದೆ ಬಿಟ್ಟದ್ದು ಅಕ್ಕಿ ಸಿಕ್ಕಿತೆಂದೇ ಎಂಬುದನ್ನೂ ಹೆಂಗಸರನ್ನೇ ಕೇಳು. ರಾಗಿ ಕೇರಿ, ಗಿರಣಿಗೆ ಹೊತ್ತು, ಹಿಟ್ಟು ಮಾಡಿಸಿ, ಬೆಳಗಿನ ಜಾವ ಎದ್ದು ತೊಳಸಿ, ಕೂಲಿಗೋ ಗಾರ್ಮೆಂಟ್ಸ್ ಬಸ್ಸಿಗೋ ಓಡುವ ತಾಯಿಗೆ ಅಕ್ಕಿ ಅಗ್ಗವಾದದ್ದು ದುಡ್ಡಿನಲ್ಲೋ, ಹೊತ್ತಿನಲ್ಲೋ? ಹೊತ್ತಿನಲ್ಲಿ ಎಂದು ಅವಳು ಹೇಳಿದರೆ ನಿನ್ನ ಲೇಖನದ ದಾರಿಯೇ ತಿರುಗುತ್ತದೆ. ರಾಗಿ ಲಕ್ಷ್ಮಣಯ್ಯನವರು ಮಂಡ್ಯದ ವಿ.ಸಿ. ಫಾರಂನಲ್ಲಿ ಆಫ್ರಿಕಾದ ರಾಗಿಯನ್ನು ನಮ್ಮದರ ಜೊತೆ ಬೆಸೆದು ಇಂಡಾಫ್ ತಳಿಗಳನ್ನು ಕೊಟ್ಟು, ಎಕರೆಯ ಇಳುವರಿಯನ್ನು ಎಲ್ಲಿಂದ ಎಲ್ಲಿಗೋ ಏರಿಸಿದರು. ಬೆಳೆಯುವವನ ಕಷ್ಟಕ್ಕೆ ಅವರು ಉತ್ತರ ಕೊಟ್ಟರು. ಮುದ್ದೆ ತೊಳಸುವವಳ ಕಷ್ಟವನ್ನು ಯಾರಾದರೂ ಕೇಳಿದರೇ ಎಂದು ನೀನು ಬರೆದರೆ ನಾನು ಮೊದಲ ಓದುಗ.

ಕಾರಣವನ್ನು ಎಲ್ಲಿ ನಿಲ್ಲಿಸುತ್ತೇವೆ ಎಂಬುದರ ಮೇಲೆ ಹೊರೆ ಯಾರ ತಲೆಗೆ ಎಂಬುದು ನಿಂತಿದೆ, ಮಗಳೇ. ಹಂದಿಗೋಡಿನ ಬೇನೆಗೆ ಏಡಿ ಎಂದಾಗ ಬಡವರು ಏಡಿ ಬಿಡಬೇಕಾಯಿತು. ವಂಶ ಎಂದಾಗ ಆ ಮನೆಗಳಿಗೆ ಹೆಣ್ಣು ಕೊಡಲು, ತರಲು ಜನ ಹಿಂಜರಿದರು. ವಂಶದ ಮಾತು ಸುಳ್ಳಲ್ಲ. ಆದರೆ ಸೊಂಟ ಯಾಕೆ ಸವೆಯಿತು ಎನ್ನುವುದಕ್ಕೆ ಅದು ಉತ್ತರವೇ ಹೊರತು, ಸೊಂಟ ಸವೆದವನು ಯಾಕೆ ನಾಟಿ ಗದ್ದೆಗೆ ತೆವಳಬೇಕು, ಅವನಿಗೆ ಯಾಕೆ ಒಂದು ಗುಂಟೆ ನೆಲವಿರಲಿಲ್ಲ ಎನ್ನುವುದಕ್ಕೆ ಅಲ್ಲ. ನಿನ್ನ ಲೇಖನದ ಕೊನೆಯ ಸಾಲನ್ನು ಓದಿ ಯಾರೋ ಒಬ್ಬ ಅಧಿಕಾರಿ ಅಕ್ಕಿ ಕಡಿತ ಮಾಡಿದರೆ, ನ್ಯಾಯಬೆಲೆ ಅಂಗಡಿಯ ಮುಂದೆ ಚೀಲ ಮಡಚಿ ನಿಂತವರಲ್ಲಿ ಯಾರು ಖಾಲಿ ಕೈಯಲ್ಲಿ ಹೋಗುತ್ತಾರೆಂದು ಯೋಚಿಸು.

ಇದನ್ನೆಲ್ಲ ಓದಿ ನಿನಗೆ ಭಯವಾಗಿ ಬರೆಯುವುದನ್ನೇ ಬಿಟ್ಟೀಯೆ ಎಂಬ ದಿಗಿಲೂ ನನಗಿದೆ. ಏಡಿಯ ಲೇಖನ ತಪ್ಪೆಂದು ತಿಳಿದ ಮೇಲೆ ನಾನು ಮಾಡಿದ್ದು ಅದೇ. ಒಂದಷ್ಟು ವರ್ಷ ಯಾವುದಕ್ಕೂ ಕಾರಣ ಹೇಳಲಿಲ್ಲ. ಒಂದು ವಿದ್ಯಾರ್ಥಿನಿಲಯದಲ್ಲಿ ಮಕ್ಕಳು ಮೇಲಿಂದ ಮೇಲೆ ವಾಂತಿಭೇದಿಯಿಂದ ಮಲಗುತ್ತಿದ್ದರು. ಬಾವಿಯ ಪಕ್ಕದಲ್ಲೇ ಕಕ್ಕಸಿನ ಗುಂಡಿ ಇದ್ದುದನ್ನು ಕಣ್ಣಾರೆ ಕಂಡಿದ್ದೆ. ನಲ್ಲಿ ನೀರು ಕುಡಿಯುವ ಎದುರಿನ ಶಾಲೆಯ ಮಕ್ಕಳು ಆರಾಮವಾಗಿದ್ದುದೂ ಗೊತ್ತಿತ್ತು. ಮಡುವನ್ನೂ ನೋಡಿಯಾಗಿತ್ತು ಅಂದ ಹಾಗಾಯಿತು. ಆದರೂ ‘ಖಚಿತವಾಗಿ ಹೇಳಲು ಬಾರದು’ ಎಂದುಕೊಂಡು ಪೆನ್ನು ಮುಚ್ಚಿಟ್ಟೆ. ಇನ್ನೊಂದು ಮಳೆಗಾಲವಿಡೀ ಆ ಮಕ್ಕಳು ಮಲಗಿದರು. ಎರಡು ತಪ್ಪಿನಲ್ಲಿ ಯಾವುದು ದೊಡ್ಡದೆಂದು ಈ ವಯಸ್ಸಿನಲ್ಲೂ ನಿರ್ಧರಿಸಲಾರೆ.

ಆದ್ದರಿಂದ (ಇದೊಂದನ್ನು ನಾನೂ ಬಳಸಿಕೊಳ್ಳುತ್ತೇನೆ) ನಿನ್ನ ಲೇಖನವನ್ನು ಕಳಿಸುವ ಮುಂಚೆ ಇನ್ನೊಂದು ಸಲ ಆ ಊರಿಗೆ ಹೋಗಿ ಬಾ. ನೋವಿರುವ ಮನೆಗಳಿಗೆ ಹೋದ ಹಾಗೆಯೇ ನೋವಿಲ್ಲದ ಮನೆಗಳಿಗೂ ಹೋಗು, ಅದೇ ಪ್ರಶ್ನೆ ಕೇಳು. ಅದೊಂದೇ ನಾನು ಕೇಳಿಕೊಳ್ಳುವುದು. ಬಸ್ಸಿನ ಖರ್ಚಿಗೆಂದು ಲಕೋಟೆಯೊಳಗೆ ಸ್ವಲ್ಪ ಹಣ ಇಟ್ಟಿದ್ದೇನೆ, ವಾಪಸು ಕಳಿಸಬೇಡ. ಬಂದ ಮೇಲೆ ಹದಿನೈದು ಗುಂಡುಗಳಲ್ಲಿ ಯಾವುದು ಉಳಿಯಿತು, ಯಾವುದು ಹೋಯಿತು ಎಂದು ಬರೆ.

ನಿನ್ನ ದೊಡ್ಡಮ್ಮ ಅಪ್ಪೆಮಿಡಿ ಉಪ್ಪಿನಕಾಯಿ ಕಟ್ಟಿಟ್ಟಿದ್ದಾಳೆ, ಹಾಸ್ಟೆಲಿನ ಎಲ್ಲರಿಗೂ ಹಂಚಿ ನಿನಗೆ ಉಳಿಸಿಕೊಳ್ಳದೆ ಇರಬೇಡ ಎಂದು ಹೇಳಲು ಹೇಳಿದ್ದಾಳೆ. ರಜೆಗೆ ಬಂದಾಗ ಆ ಕೇರಿಗೆ ಕರೆದುಕೊಂಡು ಹೋಗುತ್ತೇನೆ. ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತಿದ್ದವನು ಈಗಿಲ್ಲ. ಅವನ ಮೊಮ್ಮಗಳು ಅಲ್ಲೇ ಅಂಗನವಾಡಿಯಲ್ಲಿ ಕೆಲಸ ಮಾಡುತ್ತಾಳೆ. ಹೋದ ವರ್ಷ ಮಳೆಯಲ್ಲಿ ನಾನು ಹೋದಾಗ ಒಲೆಯ ಮೇಲೆ ಏಡಿ ಸಾರು ಕುದಿಯುತ್ತಿತ್ತು. ನನಗೆ ಕರಿಕಾಫಿ ಮಾಡಿಕೊಟ್ಟಳು.

ನಿನ್ನ ಪ್ರೀತಿಯ
ದೊಡ್ಡಪ್ಪ